ಕ್ರೀಟ್ ಪ್ರದಕ್ಷಿಣೆ: ನೈಋತ್ಯದ ಗಂಟು ಸಡಿಲಿತು

ಗ್ರೀಸಿನ ಕ್ರೀಟ್ ದ್ವೀಪವನ್ನು ಬಾಡಿಗೆ ಕಾರಿನಲ್ಲಿ ಸುತ್ತುವ ಯೋಜನೆಯಲ್ಲಿ ಬಹುಕಾಲ ನನ್ನನ್ನು ಸತಾಯಿಸಿದ ನೈಋತ್ಯ ಮೂಲೆ ಕೊನೆಗೂ ಕಾಗದದ ಮೇಲೆ ಕೂಡಿಕೊಂಡಿದೆ. ವಿಮಾನದ ಟಿಕೆಟ್ಟು, ವಸತಿಯ ಹುಡುಕಾಟ, ಅಂತಾರಾಷ್ಟ್ರೀಯ ಚಾಲನಾ ಪರವಾನಗಿಗಾಗಿ ಆರ್‌ಟಿಒ ಕಚೇರಿಯ ಭೇಟಿ, ಇವೆಲ್ಲ ದ್ವೀಪಗಳನ್ನು ಕಾರಿನಲ್ಲಿ ಸುತ್ತುವ ಈ ಹವ್ಯಾಸದವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟುಬಿಡುತ್ತೇನೆ. ಆ ಪರವಾನಗಿಯ ಅವಧಿ ಒಂದೇ ವರ್ಷವಾದ್ದರಿಂದ ಉತ್ಸಾಹದ ಭರದಲ್ಲಿ ಅದನ್ನು ಮುಂಚಿತವಾಗಿ ಮಾಡಿಸಿಟ್ಟುಕೊಳ್ಳಬಾರದು ಎಂಬುದನ್ನಷ್ಟೇ ನೆನಪಿಸಿ ಮುಂದೆ ಹೋಗುತ್ತೇನೆ.

ದಿಕ್ಕಿನ ಚರ್ಚೆ ಬೇಗ ಮುಗಿಯಿತು. ಗ್ರೀಸಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಆದ್ದರಿಂದ ದ್ವೀಪವನ್ನು ಪ್ರದಕ್ಷಿಣವಾಗಿ ಸುತ್ತಿದರೆ ನೆಲ ನಮ್ಮ ಬಲಕ್ಕೂ ಕಡಲು ಎಡಕ್ಕೂ ಇರುತ್ತದೆ. ನಮ್ಮ ಕಾರು ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು ಸಾಗುತ್ತದೆ. ಅಪ್ರದಕ್ಷಿಣವಾಗಿ ಹೋದರೆ ಕಡಲ ನೋಟ ಸೊಗಸಾಗಿ ಸಿಗುತ್ತದೆ, ಚಿತ್ರ ತೆಗೆಯಲು ಕಾರು ನಿಲ್ಲಿಸುವ ಜಾಗಗಳೂ ನಮ್ಮ ಬದಿಗೇ ಬರುತ್ತವೆ, ಆದರೆ ಪ್ರಪಾತದ ಅಂಚೂ ಅದೇ ಬದಿಗಿರುತ್ತದೆ. ಆಯುಷ್ಯವೆಲ್ಲ ಎಡಬದಿಯಲ್ಲಿ ಓಡಿಸಿ ರೂಢಿಯಾದ ಕೈಗಳಿಗೆ ಮೊದಲ ದಿನಗಳಲ್ಲಿ ಅಂತಹ ಪರೀಕ್ಷೆ ಬೇಡವೆಂದು ಪ್ರದಕ್ಷಿಣೆಯನ್ನೇ ಆರಿಸಿಕೊಂಡೆ. ಇದರಲ್ಲಿ ಭಕ್ತಿಗಿಂತ ಭಯದ ಪಾಲೇ ಹೆಚ್ಚು.

ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿ.ಮೀ. ಉದ್ದವಿರುವ ಈ ದ್ವೀಪದ ಉತ್ತರ ಕರಾವಳಿ ಯೋಜಕನಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನಾರ್ವೆಯ ವಾರ್ಡೊದಲ್ಲಿ ಆರಂಭವಾಗುವ ಇ75 ಹೆದ್ದಾರಿ ಕಡಲು ದಾಟಿ ಬಂದು ಇದೇ ಕರಾವಳಿಯ ಉದ್ದಕ್ಕೂ ಸಾಗಿ ಸಿತಿಯಾ ಪಟ್ಟಣದಲ್ಲಿ ಕೊನೆಗೊಳ್ಳುತ್ತದೆ. ಹೆರಾಕ್ಲಿಯೊನ್‌ನಿಂದ ಪೂರ್ವಕ್ಕೆ ಹೊರಟು, ಸಿತಿಯಾ ಮತ್ತು ಜಾಕ್ರೊಸ್ ನೋಡಿ, ದ್ವೀಪ ಸುಮಾರು 12 ಕಿ.ಮೀ.ಯಷ್ಟಕ್ಕೆ ಸೊರಗುವ ಯೆರಾಪೆತ್ರಾದ ಬಳಿ ದಕ್ಷಿಣ ಕರಾವಳಿಗೆ ಇಳಿದು, ಫೈಸ್ಟೋಸ್ ಅರಮನೆಯ ಅವಶೇಷಗಳಿರುವ ಮೆಸಾರಾ ಬಯಲನ್ನು ದಾಟಿ, ಫ್ರಾಂಗೊಕಾಸ್ಟೆಲೊ ಕೋಟೆಯ ಮೂಲಕ ಹೋರಾ ಸ್ಫಾಕಿಯೊನ್ ತಲುಪುವವರೆಗೆ ನನ್ನ ಸ್ಪ್ರೆಡ್‌ಶೀಟು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿತು. ರಗಳೆ ಶುರುವಾದದ್ದು ಅಲ್ಲಿಂದ ಮುಂದೆ.

ಅಲ್ಲಿ ಲೆಫ್ಕಾ ಓರಿ, ಎಂದರೆ ಬಿಳಿ ಬೆಟ್ಟಗಳು, ನೇರವಾಗಿ ಲಿಬಿಯಾ ಸಮುದ್ರಕ್ಕೆ ಕುಸಿದಿವೆ. ಅವುಗಳ ಅತ್ಯುನ್ನತ ಶಿಖರವಾದ ಪಾಹ್ನೆಸ್ 2,453 ಮೀಟರ್ ಎತ್ತರವಿದ್ದು, ಅಲ್ಲಿಂದ ಕಡಲು ಕೂಗಳತೆಯಲ್ಲಿದೆಯೇನೋ ಎಂಬಂತೆ ನಕ್ಷೆಯಲ್ಲಿ ತೋರುತ್ತದೆ. ಇಂತಹ ಇಳಿಜಾರಿನಲ್ಲಿ ಕರಾವಳಿ ರಸ್ತೆಗೆ ಜಾಗವೇ ಇಲ್ಲ. ಪೂರ್ವದಿಂದ ಬಂದ ರಸ್ತೆ ಹೋರಾ ಸ್ಫಾಕಿಯೊನ್‌ನಲ್ಲಿ ಕಡಲನ್ನು ಬಿಡುತ್ತದೆ. ಉತ್ತರದಿಂದ ಬಂದ ಇನ್ನೊಂದು ರಸ್ತೆ ಪಶ್ಚಿಮದ ಸೂಗಿಯಾದಲ್ಲಿ ಕಡಲನ್ನು ಮುಟ್ಟುತ್ತದೆ. ನಡುವಿನ ಲೂಟ್ರೊ ಮತ್ತು ಆಗಿಯಾ ರೂಮೆಲಿ ಎಂಬ ಹಳ್ಳಿಗಳಿಗೆ ಇಂದಿಗೂ ದೋಣಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು. ಹೋರಾ ಸ್ಫಾಕಿಯೊನ್‌ನಿಂದ ಸೂಗಿಯಾಕ್ಕೆ ಗೆರೆ ಎಳೆದರೆ ಸುಮಾರು 30 ಕಿ.ಮೀ. ಆಗುತ್ತದೆ. ಕಾರಿನಲ್ಲಿ ಹೋಗಲು ಇಂಬ್ರೊಸ್ ಘಟ್ಟವನ್ನೇರಿ, ವ್ರಿಸೆಸ್ ಬಳಿ ಉತ್ತರದ ಹೆದ್ದಾರಿ ಹಿಡಿದು, ಹನಿಯಾ ನಗರದ ಹೊರವಲಯವನ್ನು ಸವರಿ, ಮತ್ತೆ ದಕ್ಷಿಣಕ್ಕೆ ಬೆಟ್ಟ ಹತ್ತಿ ಇಳಿಯಬೇಕು. ಅದು 140 ಕಿ.ಮೀ. ಆಸುಪಾಸಿನ ಹಾದಿ. ಪರದೆಯ ಮೇಲಿನ ನಕ್ಷೆ ಇದಕ್ಕೆ ಕೊಡುವ ಸಮಯವನ್ನು ನಾನು ನಂಬುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ನಕ್ಷೆ ಹೇಳಿದ ಸಮಯಕ್ಕೂ ನಾನು ತೆಗೆದುಕೊಳ್ಳುವ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಗೊತ್ತಿರುವುದರಿಂದ, ಅದೇ ಅನುಪಾತವನ್ನು ಇಲ್ಲಿಯ ಘಟ್ಟದ ಭಾಗಕ್ಕೂ ಹಚ್ಚಿ, ಅರ್ಧ ದಿನವೆಂದೇ ಬರೆದುಕೊಂಡಿದ್ದೇನೆ.

ಅರ್ಧ ದಿನ ಹೋಗುವುದು ದೊಡ್ಡ ಸಂಗತಿಯಲ್ಲ. ನನ್ನನ್ನು ಕೆರಳಿಸಿದ್ದು ಆ ಹಾದಿಯ ಆಕಾರ. ಸೂಗಿಯಾ, ಪಾಲೆಯೊಹೋರಾ, ಎಲಾಫೊನಿಸಿ, ಕಿಸ್ಸಾಮೊಸ್ ಮುಗಿಸಿ ಹೇಗೂ ಹನಿಯಾಕ್ಕೆ ಬರಲೇಬೇಕಾಗಿರುವಾಗ, ನಡುವೆ ಒಮ್ಮೆ ಅದೇ ಹನಿಯಾವನ್ನು ಹಾದುಹೋದರೆ ವೃತ್ತ ಕೆಟ್ಟು ಇಂಗ್ಲಿಷಿನ ಎಂಟಾಗುತ್ತದೆ. ಇದರಿಂದೇನು ಮಹಾ ನಷ್ಟವೆಂದು ಮನೆಯವರು ಕೇಳುತ್ತಾರೆ. ಈ ಹವ್ಯಾಸ ಅಂಟಿದವರು ಕೇಳಲಾರರು.

ರಸ್ತೆಗಳು ಇಲ್ಲಿ ಕೈಕೊಡುವುದು ಹೊಸತೇನಲ್ಲ. 1941ರ ಮೇ ಕೊನೆಯಲ್ಲಿ, ಕ್ರೀಟ್ ಕದನದಲ್ಲಿ ಸೋತ ಮಿತ್ರಪಕ್ಷದ ಸೈನಿಕರು ಉತ್ತರದಿಂದ ಬೆಟ್ಟ ದಾಟಿ ಹೋರಾ ಸ್ಫಾಕಿಯೊನ್‌ನ ಹಡಗುಗಳತ್ತ ಧಾವಿಸಿದಾಗ, ರಸ್ತೆಯ ಕೆಲಸ ಇನ್ನೂ ಮುಗಿಯದೆ ಅದು ಕಡಲಿಗೆ ಮೇಲಿನ ಕಡಿದಾದ ಅಂಚಿನಲ್ಲೇ ನಿಂತುಹೋಗಿತ್ತು. ಅವರು ಉಳಿದದ್ದನ್ನು ಕಾಲುದಾರಿಯಲ್ಲಿ ಇಳಿದರು. ಸ್ವಲ್ಪ ಪಶ್ಚಿಮದ ಅರಾದೆನಾ ಕಮರಿಗೆ ಉಕ್ಕಿನ ಸೇತುವೆ ಬಂದದ್ದು 1986ರಲ್ಲಿ. ಹಲಗೆ ಹಾಸಿದ ಆ ಸೇತುವೆಯ ಮೇಲೆ ಕಾರು ಹೋದರೆ ಗಡಗಡ ಸದ್ದು ಕಮರಿಯ ತಳದವರೆಗೂ ಕೇಳಿಸುತ್ತದೆಯಂತೆ. ಅದನ್ನು ದಾಟಿದ ರಸ್ತೆ ಆಗಿಯೊಸ್ ಯೊವಾನ್ನಿಸ್ ಎಂಬ ಹಳ್ಳಿಯವರೆಗೆ ಹೋಗಿ ಮುಗಿಯುತ್ತದೆ. ಅಲ್ಲಿಂದ ಆಗಿಯಾ ರೂಮೆಲಿ ಕೆಲವೇ ಕಿ.ಮೀ. ದೂರದಲ್ಲಿದ್ದರೂ ನಡುವೆ ಇರುವುದು ಬಂಡೆಯ ಮೈಯಲ್ಲಿ ಸುತ್ತಿ ಸುತ್ತಿ ಇಳಿಯುವ ಕಾಲುದಾರಿಯೊಂದೇ.

ಮೊದಲ ಪರಿಹಾರವಾಗಿ ಕಾರನ್ನೇ ದೋಣಿಗೇರಿಸುವ ವಿಚಾರ ಮಾಡಿದೆ. ಆ ಕರಾವಳಿಯಲ್ಲಿ ಓಡುವ ಫೆರ್ರಿಗಳಲ್ಲಿ ಕೆಲವು ಕಾರುಗಳನ್ನು ಹೊರಬಲ್ಲವು. ಆದರೆ ಬಾಡಿಗೆಯ ಕರಾರುಗಳಲ್ಲಿ ಸಾಮಾನ್ಯವಾಗಿ, ಲಿಖಿತ ಒಪ್ಪಿಗೆಯಿಲ್ಲದೆ ಕಾರನ್ನು ದೋಣಿಗೆ ಹತ್ತಿಸಿದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಷರತ್ತಿರುತ್ತದೆ. ಆ ಒಪ್ಪಿಗೆಗಾಗಿ ಒಬ್ಬ ದಲ್ಲಾಳಿಯೊಂದಿಗೆ ನಡೆಸಿದ ಪತ್ರವ್ಯವಹಾರವನ್ನು ಯಾರಾದರೂ ಪ್ರಹಸನವಾಗಿ ರಂಗಕ್ಕೆ ತರಬಹುದು. ಕಾರನ್ನು ದೋಣಿಯಲ್ಲಿ ಒಯ್ಯಬಹುದೇ ಎಂದರೆ ಏನೂ ತೊಂದರೆಯಿಲ್ಲ ಎಂದರು; ಅದನ್ನೇ ಕರಾರಿನಲ್ಲಿ ಬರೆದುಕೊಡುವಿರಾ ಎಂದರೆ ಮಕ್ಕಳ ಆಸನ ಬೇಕೇ ಎಂದು ಕೇಳಿದರು; ಮತ್ತೆ ಕೇಳಿದಾಗ ಬಂದದ್ದು ಹಬ್ಬದ ರಿಯಾಯಿತಿಯ ಜಾಹೀರಾತು.

ಎರಡನೆಯದು ಮಾರ್ಗಸೂಚಕ ತಂತ್ರಾಂಶದ ಸಲಹೆ. ಕಡಿಮೆ ದೂರದ ದಾರಿ ಕೊಡು ಎಂದು ಒತ್ತಾಯಿಸಿದಾಗ ಅದು ಹೋರಾ ಸ್ಫಾಕಿಯೊನ್ ಬಳಿಯ ಅನೋಪೊಲಿ ಹಳ್ಳಿಯ ಮೇಲಿನಿಂದ ಬಿಳಿ ಬೆಟ್ಟಗಳೊಳಗೆ ಏರುವ ಮಣ್ಣಿನ ದಾರಿಯೊಂದನ್ನು ಧೈರ್ಯವಾಗಿ ನೀಲಿ ಗೆರೆಯಲ್ಲಿ ತೋರಿಸಿತು. ಉಪಗ್ರಹ ಚಿತ್ರದಲ್ಲಿ ಅದನ್ನೇ ಹಿಂಬಾಲಿಸಿದರೆ, ಮರವಿಲ್ಲದ ಸುಣ್ಣಕಲ್ಲಿನ ಮರುಭೂಮಿಯಲ್ಲಿ ಪಾಹ್ನೆಸ್ ಶಿಖರದ ಕಡೆ ಹತ್ತಿ ಹತ್ತಿ ಒಂದೆಡೆ ಅದು ಸುಮ್ಮನೆ ಮುಗಿಯುತ್ತದೆ. ಮುಂದಿನ ಗೆರೆಯೆಲ್ಲ ಕುರಿಗಾಹಿಗಳ ಕಾಲುದಾರಿ. ಪರದೆಯ ಮೇಲಿನ ನಕ್ಷೆಯನ್ನು ಕಾಗದದ ನಕ್ಷೆಯೊಂದಿಗೆ ಹೋಲಿಸದೆ ಯಾವ ಗೆರೆಯನ್ನೂ ಒಪ್ಪಬಾರದೆಂಬ ನಿಯಮವನ್ನು ನಾನು ಪಾಲಿಸುತ್ತಿರುವುದು ಇದಕ್ಕಾಗಿಯೇ. ಆದರೆ ಪಶ್ಚಿಮ ಕ್ರೀಟಿನ ಕಾಗದದ ನಕ್ಷೆಗೆ ಹಣ ಕಟ್ಟಿದರೆ ಮಾರಾಟಗಾರ ಪೂರ್ವ ಕ್ರೀಟಿನ ಹಾಳೆಯನ್ನು ಕಳಿಸಿದ. ದೂರು ಕೊಟ್ಟಾಗ ಕ್ಷಮೆಯಾಚನೆಯ ಚೀಟಿಯೊಂದಿಗೆ ಪೂರ್ವ ಕ್ರೀಟಿನ ಇನ್ನೊಂದು ಪ್ರತಿ ಬಂತು. ಪೂರ್ವ ಕ್ರೀಟಿಗೆ ಹೋಗುವವರಿದ್ದರೆ ಒಂದನ್ನು ಧಾರಾಳವಾಗಿ ಕೊಡುತ್ತೇನೆ.

ಎರಡು ಕಾರುಗಳ ಉಪಾಯವೂ ಇತ್ತು: ಒಂದನ್ನು ಹೋರಾ ಸ್ಫಾಕಿಯೊನ್‌ನಲ್ಲಿ ಒಪ್ಪಿಸಿ, ದೋಣಿಯಲ್ಲಿ ಹೋಗಿ, ಸೂಗಿಯಾದಲ್ಲಿ ಇನ್ನೊಂದನ್ನು ಪಡೆಯುವುದು. ಅಷ್ಟು ಸಣ್ಣ ಹಳ್ಳಿಗಳಿಗೆ ಕಾರು ತಂದೊಪ್ಪಿಸುವ, ಒಯ್ಯುವ ಶುಲ್ಕ ಕೇಳಿದ ಮೇಲೆ ಆ ಸಾಲನ್ನು ಸ್ಪ್ರೆಡ್‌ಶೀಟಿನಿಂದ ಗೌರವಪೂರ್ವಕವಾಗಿ ಅಳಿಸಿದೆ.

ಗಂಟು ಸಡಿಲಿದ್ದು ದೋಣಿಗಳ ಹಳೆಯ ವೇಳಾಪಟ್ಟಿಯನ್ನು ನೋಡುತ್ತಿದ್ದಾಗ. ಬಿಳಿ ಬೆಟ್ಟಗಳಿಂದ ಕಡಲಿಗಿಳಿಯುವ ಸಮಾರಿಯಾ ಕಮರಿಯನ್ನು ನಡೆದು ಇಳಿದವರಿಗಾಗಿ ಸಂಜೆ ಆಗಿಯಾ ರೂಮೆಲಿಯಿಂದ ದೋಣಿಗಳು ಎರಡೂ ಕಡೆಗೆ ಹೊರಡುತ್ತವೆ: ಪೂರ್ವಕ್ಕೆ ಲೂಟ್ರೊ ಮತ್ತು ಹೋರಾ ಸ್ಫಾಕಿಯೊನ್, ಪಶ್ಚಿಮಕ್ಕೆ ಸೂಗಿಯಾ ಮತ್ತು ಪಾಲೆಯೊಹೋರಾ. ಅಂದರೆ ಕಾರಿನ ಗೆರೆ, ಮನುಷ್ಯನ ಗೆರೆ ಎರಡನ್ನೂ ಬೇರ್ಪಡಿಸಿದರೆ ಮುಗಿಯಿತು. ಕಾರು ಎಂಟಿನ ಆಕಾರದಲ್ಲಿ ಹೋಗಲಿ, ಅದಕ್ಕೆ ಮಾನಾಪಮಾನವಿಲ್ಲ. ನನ್ನ ಗೆರೆ ಮಾತ್ರ ಆಗಿಯಾ ರೂಮೆಲಿಯ ದೋಣಿಕಟ್ಟೆಯಲ್ಲಿ ಎರಡೂ ಕಡೆಯಿಂದ ಬಂದು ಕೂಡಬೇಕು.

ಈಗಿನ ಯೋಜನೆ ಹೀಗಿದೆ. ಹೋರಾ ಸ್ಫಾಕಿಯೊನ್‌ನಲ್ಲಿ ಕಾರು ನಿಲ್ಲಿಸಿ, ಬೆಳಗಿನ ದೋಣಿಯಲ್ಲಿ ಆಗಿಯಾ ರೂಮೆಲಿಗೆ ಹೋಗಿ, ಅಲ್ಲಿಂದ ಯುರೋಪಿನ ದೂರಚಾರಣದ ಹಾದಿಯಾದ ಇ4 ಕಾಲುದಾರಿ ಹಿಡಿದು, ಕಡಲ ದಂಡೆಯ ಮೇಲೆಯೇ ನಿಂತಿರುವ ಸಂತ ಪೌಲನ ಪುಟ್ಟ ಕಲ್ಲಿನ ಗುಡಿಯನ್ನು ದಾಟಿ, ಪೂರ್ವಕ್ಕೆ ಲೂಟ್ರೊವರೆಗೆ ಐದಾರು ಗಂಟೆ ನಡೆದು, ಸಂಜೆಯ ದೋಣಿಯಲ್ಲಿ ಕಾರಿನ ಬಳಿಗೆ ಮರಳುವುದು. ಮರುದಿನ ಆ 140 ಕಿ.ಮೀ. ಓಡಿಸಿ ಸೂಗಿಯಾ ಸೇರುವುದು. ಅದರ ಮರುದಿನ ಕಾರನ್ನು ಸೂಗಿಯಾದಲ್ಲೇ ಬಿಟ್ಟು, ಬೆಳಗಿನ ಬಸ್ಸಿನಲ್ಲಿ, ಅದಿಲ್ಲದಿದ್ದರೆ ಟ್ಯಾಕ್ಸಿಯಲ್ಲಿ, ಓಮಾಲೊಸ್ ಪ್ರಸ್ಥಭೂಮಿಯ ಅಂಚಿನ ಕ್ಸಿಲೊಸ್ಕಾಲೊಗೆ ಹೋಗಿ, ಸುಮಾರು 1,230 ಮೀಟರ್ ಎತ್ತರದಿಂದ 16 ಕಿ.ಮೀ. ಕಮರಿಯನ್ನು ಇಳಿಯುವುದು. 1962ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಜನ ಬಿಟ್ಟುಹೋದ ಸಮಾರಿಯಾ ಹಳ್ಳಿ, ಅದೃಷ್ಟವಿದ್ದರೆ ಕ್ರಿ-ಕ್ರಿ ಎಂಬ ಕಾಡುಮೇಕೆ, ಬಂಡೆಗಳು ನಾಲ್ಕು ಮೀಟರಿನಷ್ಟು ಹತ್ತಿರ ಬರುವ ಇಕ್ಕಟ್ಟು, ಎಲ್ಲವೂ ದಾರಿಯಲ್ಲಿ ಸಿಗುತ್ತವೆ. ಸಂಜೆ ಪಶ್ಚಿಮದ ದೋಣಿ ನನ್ನನ್ನು ಕಾರಿನ ಪಕ್ಕದಲ್ಲೇ ಇಳಿಸುತ್ತದೆ. ಹನಿಯಾದಿಂದ ಪ್ರವಾಸಿ ಬಸ್ಸಿನಲ್ಲಿ ಹೋಗುವವರಿಗೆ ಈ ಸುಖವಿಲ್ಲ. ನಡೆದು ದಣಿದ ಕಾಲುಗಳೊಂದಿಗೆ ಅವರು ದೋಣಿ ಇಳಿದು ಮತ್ತೆ ಬೆಟ್ಟ ಹತ್ತುವ ಬಸ್ಸಿನಲ್ಲಿ ಕೂರಬೇಕು.

ಇದರಲ್ಲಿ ದುರ್ಬಲ ಕೊಂಡಿಯೆಂದರೆ ಗಾಳಿ. ಕಮರಿ ಸಾಮಾನ್ಯವಾಗಿ ಮೇಯಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆಯಾದರೂ ಮಳೆ ಬಂದರೆ, ಬಿಸಿಲು ವಿಪರೀತವಾದರೆ ಮುಚ್ಚುತ್ತಾರೆ. ಕಡಲು ಕೆರಳಿದರೆ ದೋಣಿ ನಿಲ್ಲುತ್ತದೆ. ಈ ಕರಾವಳಿಯಲ್ಲಿ ಗಾಳಿಯಿಂದ ಕಾರ್ಯಕ್ರಮ ಕೆಡಿಸಿಕೊಂಡವರಲ್ಲಿ ಆ ಗುಡಿಯ ಪೌಲನೂ ಒಬ್ಬ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ, ಅವನನ್ನು ಸೆರೆಯಾಳಾಗಿ ಒಯ್ಯುತ್ತಿದ್ದ ಹಡಗು ಕ್ರೀಟಿನ ಫೀನಿಕ್ಸ್ ಬಂದರಿನಲ್ಲಿ ಚಳಿಗಾಲ ಕಳೆಯಲು ಹೊರಟು, ಬಿರುಗಾಳಿಗೆ ಸಿಕ್ಕಿ ಮಾಲ್ಟಾದಲ್ಲಿ ಒಡೆದದ್ದು ದಾಖಲಾಗಿದೆ. ಆ ಫೀನಿಕ್ಸ್ ಈಗಿನ ಲೂಟ್ರೊದ ಬಳಿಯದೆಂದು ಗುರುತಿಸುತ್ತಾರೆ. ನನಗೆ ಮಾಲ್ಟಾದವರೆಗೆ ಹೋಗುವ ಪ್ರಮೇಯ ಬರಲಾರದು. ಆದರೂ ಬೆನ್ನಚೀಲದಲ್ಲಿ ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಬಟ್ಟೆ, ಯೋಜನೆಯಲ್ಲಿ ಒಂದು ಖಾಲಿ ದಿನ ಇರಲೇಬೇಕೆಂದು ನಿರ್ಧರಿಸಿದ್ದೇನೆ.

ಖಾಲಿ ದಿನವನ್ನು ವೀಸಾ ಅರ್ಜಿಯಲ್ಲಿ ಹೇಗೆ ತೋರಿಸುವುದು ಎಂಬುದು ಇನ್ನೊಂದು ತಲೆನೋವು. ಷೆಂಗೆನ್ ಅರ್ಜಿಗೆ 30,000 ಯೂರೊ ಮೊತ್ತದ ವಿಮೆಯ ಜೊತೆಗೆ ತಂಗುವ ಸ್ಥಳಗಳ ವಿವರವೂ ಬೇಕು. ತಂಗುವ ಸ್ಥಳ ತೀರ್ಮಾನವಾಗಲು ದೋಣಿಯ ದಿನ ಗೊತ್ತಾಗಬೇಕು. ದೋಣಿಯವರು ಮುಂದಿನ ಋತುವಿನ ವೇಳಾಪಟ್ಟಿಯನ್ನು ಇನ್ನೂ ಪ್ರಕಟಿಸಿಲ್ಲ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಈ ಜಗಳಕ್ಕೆ ನಾನು ಕಂಡುಕೊಂಡ ದಾರಿ ಸೂಗಿಯಾದಲ್ಲೇ ಒಂದು ರಾತ್ರಿ ಹೆಚ್ಚು ಉಳಿಯುವುದು, ಅದೂ ಉಚಿತವಾಗಿ ರದ್ದು ಮಾಡಬಹುದಾದ ಕೋಣೆಯಲ್ಲಿ. ಗಾಳಿಯಿಲ್ಲದೆ ಎಲ್ಲ ಸುಗಮವಾದರೆ ಆ ದಿನ ನಡೆದೇ ಹೋಗಿ ಪ್ರಾಚೀನ ಲಿಸ್ಸೊಸ್ ಪಟ್ಟಣದ, ವೈದ್ಯದೇವ ಅಸ್ಕ್ಲೇಪಿಯಸ್‌ನ ದೇಗುಲದ ಅವಶೇಷಗಳನ್ನು ನೋಡಿ ಬರಬಹುದು. ಅಲ್ಲಿಗೂ ರಸ್ತೆಯಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಗುದ್ದಾಟದ ನಡುವೆ ಮುಂದಿನ ಯೋಜನೆಯ ಕಡತವೂ ತೆರೆದುಕೊಂಡಿತು: ಸೈಪ್ರಸ್. 1960ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಆ ದ್ವೀಪದಲ್ಲಿ ಇಂದಿಗೂ ವಾಹನಗಳು ನಮ್ಮಂತೆಯೇ ಎಡಕ್ಕೆ ಓಡುತ್ತವೆ, ಆದ್ದರಿಂದ ಅಲ್ಲಿ ಪ್ರದಕ್ಷಿಣೆ ಮಾಡಿದರೆ ಕಡಲೇ ನಮ್ಮ ಮಗ್ಗುಲಿಗೆ ಬರುತ್ತದೆ. ಟ್ರೂಡೊಸ್ ಬೆಟ್ಟಗಳ ಚಿತ್ರಮಯ ಇಗರ್ಜಿಗಳನ್ನು 1985ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದೆ. ಅವುಗಳಿಗಾಗಿಯೇ ಕೆಲವು ದಿನ ಬೇಕು. ಆದರೆ ಅಲ್ಲಿಯ ವೃತ್ತವನ್ನು ಕತ್ತರಿಸುವುದು ಬೆಟ್ಟವಲ್ಲ, ದ್ವೀಪವನ್ನು ಗ್ರೀಕ್ ದಕ್ಷಿಣ, ತುರ್ಕಿ ಉತ್ತರ ಎಂದು ಇಬ್ಭಾಗಿಸಿರುವ ಹಸಿರು ರೇಖೆ. ದಕ್ಷಿಣದಲ್ಲಿ ಪಡೆದ ಕಾರಿನ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ. ಸಾಲದ್ದಕ್ಕೆ ಪಶ್ಚಿಮ ತುದಿಯ ಅಕಾಮಾಸ್‌ನಲ್ಲಿ ಮಣ್ಣಿನ ದಾರಿಗಳೇ ಗತಿ. ಆ ಕಡತವನ್ನು ಸದ್ಯಕ್ಕೆ ಮುಚ್ಚಿಟ್ಟಿದ್ದೇನೆ.

ಕ್ರೀಟಿನಲ್ಲಿ ಇನ್ನು ಉಳಿದಿರುವುದು ಅಸ್ತೆರೂಸಿಯಾ ಬೆಟ್ಟಗಳ ಭಾಗ. ಮೆಸಾರಾ ಬಯಲಿನ ರಸ್ತೆಯಲ್ಲಿ ಆ ಬೆಟ್ಟಗಳ ಹಿಂದಿನಿಂದ ಹಾದುಹೋಗುವುದು ಸುಲಭ, ಆದರೆ ಹಾಗೆ ಮಾಡಿದರೆ ಪೌಲನ ಹಡಗು ತಂಗಿದ್ದ ಕಾಲೀ ಲಿಮೆನೆಸ್ ಬಂದರು ತಪ್ಪಿಹೋಗುತ್ತದೆ. ಅದನ್ನೂ ಲೆಂದಾಸ್ ಹಳ್ಳಿಯನ್ನೂ ಕಡಲ ಬದಿಯಿಂದ ಜೋಡಿಸುವ ಮಣ್ಣಿನ ದಾರಿ ನಕ್ಷೆಯಲ್ಲಿ ಕಾಣುತ್ತದೆ, ಮತ್ತು ನನ್ನ ಬಾಡಿಗೆ ಕರಾರಿನ ಪ್ರಕಾರ ಟಯರುಗಳಿಗೆ, ಕಾರಿನ ತಳಕ್ಕೆ ವಿಮೆಯಿಲ್ಲ. ಟಯರಿನ ವಿಮೆ ಪ್ರತ್ಯೇಕವಾಗಿ ಸಿಗುತ್ತದೆಯೇ ಎಂದು ಅದೇ ದಲ್ಲಾಳಿಗೆ ಬರೆದಿದ್ದೇನೆ. ಏನೂ ತೊಂದರೆಯಿಲ್ಲ ಎಂಬ ಉತ್ತರ ಬಂದಿದೆ.