ವಿಪಲ್ ಸರ್ಜರಿ ಆದಮೇಲೆ ಊಟದ ಕಥೆ

ಪ್ಯಾಂಕ್ರಿಯಾಸ್ (ಮೇದೋಜೀರಕ) ಗಡ್ಡೆಗೆ ಆಪರೇಷನ್ ಆಗಿ ಅಪ್ಪ ಕಾರವಾರಕ್ಕೆ ಬಂದ ಮೇಲೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ, ‘ಗಡ್ಡೆ ಪೂರ್ತಿ ತೆಗೆದ್ರಾ?’ ತೆಗೆದರು. ಆದರೆ ಮನೆಯಲ್ಲಿ ನಿಜವಾದ ಕಷ್ಟ ಶುರುವಾಗಿದ್ದು ಊಟಕ್ಕೆ ಕೂತಾಗ.

ಅಪ್ಪನಿಗೆ ಆಗಿದ್ದು ವಿಪಲ್ ಸರ್ಜರಿ. ಅದರಲ್ಲಿ ಮೇದೋಜೀರಕದ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲ ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸುತ್ತಾರೆ. ಬಂಗುಡೆ ಸಾರು ಇದ್ದ ದಿನ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಅಪ್ಪನಿಗೆ ಈಗ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಅಮ್ಮ ‘ಇನ್ನೊಂದು ಚೂರು ತಿನ್ನಿ’ ಅನ್ನುವುದು, ಅಪ್ಪ ಸಿಟ್ಟಾಗಿ ಗಂಜಿ ಬಟ್ಟಲು ಸರಿಸುವುದು. ದಿನಾ ಇದೇ.

ಅದಕ್ಕಿಂತ ಜಾಸ್ತಿ ಹೆದರಿಸಿದ್ದು ಮಲ. ಜಿಡ್ಡುಜಿಡ್ಡಾಗಿ, ತೇಲುತ್ತಾ, ಎಷ್ಟು ನೀರು ಸುರಿದರೂ ಹೋಗುತ್ತಿರಲಿಲ್ಲ, ತೂಕ ಇಳಿಯುತ್ತಲೇ ಇತ್ತು, ಕಾಯಿಲೆ ಮತ್ತೆ ಬಂತಾ ಅಂತ ಎಲ್ಲರಿಗೂ ಒಳಗೊಳಗೇ ಭಯ. ಡಾಕ್ಟರ್ ಹೇಳಿದ್ದು ಬೇರೆ: ಮೇದೋಜೀರಕದಿಂದ ಬರುವ ಜೀರ್ಣದ ಎಂಜೈಮ್ ಸಾಲದೆ ತಿಂದ ಕೊಬ್ಬು ಹಾಗೇ ಹೊರಗೆ ಹೋಗುತ್ತಿದೆ. ಎ, ಡಿ, ಇ, ಕೆ ವಿಟಮಿನ್‌ಗಳೂ ಅದರ ಜೊತೆಗೇ ಹೋಗುತ್ತವೆ. ಆ ಕೊರತೆ ತುಂಬಲು ಕೊಟ್ಟಿದ್ದ ಎಂಜೈಮ್ ಕ್ಯಾಪ್ಸೂಲಿನ ಡೋಸ್ ಹೆಚ್ಚಿಸಿದರು.

ಈ ಕ್ಯಾಪ್ಸೂಲ್ ಬೇರೆ ಮಾತ್ರೆಗಳ ಹಾಗೆ ಊಟ ಮುಗಿಸಿ ನುಂಗುವುದಲ್ಲ. ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಬೇಕು, ಊಟ ದೊಡ್ಡದಿದ್ದರೆ ಸ್ವಲ್ಪ ಭಾಗ ನಡುವೆ. ತಿಂದದ್ದರ ಜೊತೆ ಬೆರೆತರೆ ಮಾತ್ರ ಅದು ಕೆಲಸ ಮಾಡುತ್ತದೆ. ಅಗಿಯಬಾರದು, ಬಿಸಿ ಚಹಾದ ಜೊತೆಯೂ ಬೇಡ. ಪ್ಯಾಕಿನ ಮೇಲಿರುವ 10,000, 25,000 ಮಿಲಿಗ್ರಾಂ ಅಲ್ಲ, ಕೊಬ್ಬು ಕರಗಿಸುವ ಎಂಜೈಮಿನ ಯೂನಿಟ್. ಬಿಸಿಗೆ ಅದರ ಶಕ್ತಿ ಕಡಿಮೆಯಾಗುತ್ತದೆ, ನಮ್ಮ ಕರಾವಳಿಯ ಸೆಖೆಯಲ್ಲಿ ಕಾರಿನೊಳಗೆ ಬಿಡಲೇಬೇಡಿ. ಇದನ್ನು ಹಂದಿಯ ಮೇದೋಜೀರಕದಿಂದ ಮಾಡುತ್ತಾರೆ, ಶಿರಸಿ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಈ ಪ್ರಶ್ನೆ ಏಳಬಹುದು. ಸುಮ್ನೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಬಾಯಿಬಿಟ್ಟು ಮಾತಾಡಿ.

ಬಂದವರೆಲ್ಲ ಎಣ್ಣೆ ಬಿಡಿಸಿ, ಕಾಯಿ ಬಿಡಿಸಿ ಅನ್ನುತ್ತಿದ್ದರು. ಕಾಯಿ ಇಲ್ಲದ ಸಾರು ನಮ್ಮ ಕಡೆ ಯಾರಿಗೆ ಸೇರುತ್ತದೆ, ಅದೂ ಮೊದಲೇ ಹಸಿವಿಲ್ಲದವರಿಗೆ? ಡಯಟಿಷಿಯನ್ ಹೇಳಿದ್ದೇ ಬೇರೆ. ಕ್ಯಾಪ್ಸೂಲ್ ಸರಿಯಾಗಿ ತಗೊಂಡರೆ ಕೊಬ್ಬು ಪೂರ್ತಿ ಬಿಡಬೇಕಿಲ್ಲ, ತೂಕ ಏರಲು ಅದೂ ಬೇಕು, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ ಅಂದರು. ಈ ಆಪರೇಷನ್ ಆದವರಿಗೆ ಹೊಸದಾಗಿ ಶುಗರ್ ಬರಬಹುದು, ಅದನ್ನೂ ನೋಡುತ್ತಿರಬೇಕು.

ಈಗ ಅಪ್ಪ ಮಧ್ಯಾಹ್ನ ಮೀನು ಸಾರು ಕೇಳಿ ಹಾಕಿಸಿಕೊಳ್ಳುತ್ತಾರೆ. ಸುಸ್ತು ಇನ್ನೂ ಇದೆ, ಆದರೂ ಸಂಜೆ ಬೀಚಿನ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ.

ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ, ನಮಗೆ ಎಲ್ಲವೂ ದೂರವೇ ಅಲ್ವಾ? ಹಾಗಾಗಿ ಡಿಸ್ಚಾರ್ಜ್ ದಿನವೇ ಡಯಟಿಷಿಯನ್ ನಂಬರ್ ಕೇಳಿ ಬರೆದುಕೊಳ್ಳಿ, ಮಲ ತೇಲಿದರೆ ಅಥವಾ ತೂಕ ಇಳಿದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಫೋನ್ ಮಾಡಿ.