ಒಂದು ಕಿವಿಯ ಇಯರ್‌ಫೋನ್ ತೆಗೆದರೆ ಮಾಯವಾಗುವ ಬೀಟ್

ತಂಬೂರಿ ಶ್ರುತಿ ಮಾಡುವವರಿಗೆ ಬೀಟ್ ಹೊಸದೇನಲ್ಲ. ಸಾರಣಿ, ಅನುಸಾರಣಿ ತಂತಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಾದ ಅಲೆಯಲೆಯಾಗಿ ಏರಿಳಿಯುತ್ತದೆ. ಶ್ರುತಿ ಕೂಡಿದೊಡನೆ ಅಲುಗಾಟ ನಿಲ್ಲುತ್ತದೆ. ಅಲ್ಲಿ ಎರಡೂ ಸ್ವರಗಳು ಗಾಳಿಯಲ್ಲೇ ಬೆರೆಯುವುದರಿಂದ ಒಂದು ಕಿವಿ ಮುಚ್ಚಿಕೊಂಡರೂ ಏರಿಳಿತ ಕೇಳುತ್ತದೆ.

ಮೆದುಳಿನ ಅಲೆಗಳನ್ನು ತನ್ನ ತಾಳಕ್ಕೆ ತಂದು ನಿದ್ದೆ, ನೆಮ್ಮದಿ ಕೊಡುತ್ತದೆ ಎಂದು ಹೇಳಿ ಮಾರುವ ಬೈನಾರಲ್ (ಎರಡು ಕಿವಿಗಳ) ಬೀಟ್ ಹಾಗಲ್ಲ. ಎಡಗಿವಿಗೆ 200 ಹರ್ಟ್ಜ್ (ಸೆಕೆಂಡಿಗೆ 200 ಕಂಪನ), ಬಲಗಿವಿಗೆ 210 ಹರ್ಟ್ಜ್ ಪ್ರತ್ಯೇಕವಾಗಿ ಕೊಟ್ಟರೆ ಸೆಕೆಂಡಿಗೆ 10 ಸಲ ಮಿಡಿಯುವ ಸದ್ದು ತಲೆಯೊಳಗೆ ಕೇಳುತ್ತದೆ. ಗಾಳಿಯಲ್ಲಿ ಹುಡುಕಿದರೆ ಆ ಮಿಡಿತ ಇಲ್ಲ. ಪ್ರಷ್ಯಾದ ಭೌತವಿಜ್ಞಾನಿ ಹೈನ್ರಿಕ್ ವಿಲ್‌ಹೆಲ್ಮ್ ಡೋವೆ ಇದನ್ನು ಗುರುತಿಸಿದ್ದು 1839ರಲ್ಲಿ, ವಿದ್ಯುತ್ ಹೆಡ್‌ಫೋನ್ ಹುಟ್ಟುವ ಎಷ್ಟೋ ಮೊದಲು.

ಮಿಡಿತ ಹುಟ್ಟುವುದು ಮೆದುಳಕಾಂಡದ ಸುಪೀರಿಯರ್ ಆಲಿವ್ ಎಂಬ ನರಗುಚ್ಛದಲ್ಲಿ. ಸದ್ದು ಯಾವ ದಿಕ್ಕಿನದು ಎಂದು ಲೆಕ್ಕ ಹಾಕುವುದು ಅದರ ನಿತ್ಯದ ಕೆಲಸ. ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ಹೆಚ್ಚೆಂದರೆ 0.6–0.7 ಮಿಲಿಸೆಕೆಂಡ್ ತಡವಾಗಿ ತಲಪುತ್ತದೆ. ಅಷ್ಟು ಸಣ್ಣ ಅಂತರವನ್ನೂ ಅದು ಹಿಡಿಯಬಲ್ಲದು. 200 ಮತ್ತು 210 ಹರ್ಟ್ಜ್ ಒಟ್ಟಿಗೆ ಬಂದಾಗ ಎರಡು ಕಿವಿಗಳ ಅಲೆಗಳು ಸೆಕೆಂಡಿಗೆ 10 ಸಲ ಒಂದಕ್ಕೊಂದು ಕೂಡಿ ಅಗಲುತ್ತವೆ. ದಿಕ್ಕು ಹುಡುಕುವ ಯಂತ್ರ ಪಾಪ ಗೊಂದಲಕ್ಕೆ ಬೀಳುತ್ತದೆ. ಅಂತರ 2 ಹರ್ಟ್ಜ್ ಇಟ್ಟು ನೋಡಿ: ಸದ್ದು ತಲೆಯೊಳಗೆ ಅತ್ತಿತ್ತ ತೂಗಿದಂತಾಗುತ್ತದೆ. ಅಂತರ 30 ಹರ್ಟ್ಜ್ ಆಸುಪಾಸು ದಾಟಿದರೆ ಎರಡು ಬೇರೆ ಸ್ವರಗಳಾಗಿಯೇ ಕೇಳುತ್ತವೆ. ಮೂಲ ಸ್ವರವೇ 1500 ಹರ್ಟ್ಜ್ ಮೀರಿದರೆ ನರಗಳು ಪ್ರತಿ ಅಲೆಗೂ ತಾಳ ಹಾಕಲಾರವು, ಬೀಟ್ ಇಲ್ಲ.

ಬೈನಾರಲ್ ಬೀಟಿನ ಫೈಲ್ ಕೊಳ್ಳಬೇಡಿ, ಆಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆ ತಂತ್ರಾಂಶದಲ್ಲಿ ಮಾಡಿಕೊಳ್ಳಿ. ಜನರೇಟ್ ಮೆನುವಿನ ಟೋನ್‌ನಲ್ಲಿ ಸೈನ್, 200 ಹರ್ಟ್ಜ್, ಆಂಪ್ಲಿಟ್ಯೂಡ್ 0.2, ಅವಧಿ 15 ನಿಮಿಷ. ಇನ್ನೊಂದು ಮೊನೊ ಟ್ರ್ಯಾಕ್ ಸೇರಿಸಿ ಅದರಲ್ಲಿ 210. ಮೊದಲನೆಯದರ ಪ್ಯಾನ್ ಪೂರ್ತಿ ಎಡಕ್ಕೆ, ಎರಡನೆಯದು ಪೂರ್ತಿ ಬಲಕ್ಕೆ. ಶುರುವಿಗೆ, ಕೊನೆಗೆ 5 ಸೆಕೆಂಡ್ ಫೇಡ್ ಹಾಕದಿದ್ದರೆ ಟಕ್ ಎಂದು ಬಡಿಯುತ್ತದೆ. ಸ್ಟೀರಿಯೊ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ.

ಈಗ ಒಂದು ಕಿವಿಯ ಇಯರ್‌ಫೋನ್ ತೆಗೆಯಿರಿ. ಮಿಡಿತ ನಿಂತು ಬರೀ ಸ್ವರ ಉಳಿದರೆ ಸರಿಯಾಗಿದೆ. ನಿಲ್ಲದಿದ್ದರೆ ಎಲ್ಲೋ ಎರಡೂ ಬೆರೆತಿವೆ: ಎಕ್ಸ್‌ಪೋರ್ಟ್ ಮೊನೊ ಆಗಿರಬಹುದು, ಫೋನಿನ ಆಕ್ಸೆಸಿಬಿಲಿಟಿಯಲ್ಲಿ ಮೊನೊ ಆಡಿಯೊ ಆನ್ ಇರಬಹುದು, ಸ್ಪೇಷಿಯಲ್ ಎಫೆಕ್ಟ್ ಚಾಲೂ ಇರಬಹುದು. ಬ್ಲೂಟೂತ್ ಹೆಡ್‌ಸೆಟ್ ಫೋನ್ ಕರೆಯ ಮೋಡ್‌ಗೆ ಜಾರಿದರೂ ಇದೇ ಗತಿ. ಸ್ಪೀಕರಿನಲ್ಲಂತೂ ಬೈನಾರಲ್ ಎಂಬುದೇ ಇಲ್ಲ, ಅದು ತಂಬೂರಿಯ ಬೀಟೇ. (528 ಹರ್ಟ್ಜ್‌ನ ಒಂಟಿ ಸ್ವರಕ್ಕೆ ಈ ಹೆಸರಂಟಿಸಿ ಡಿಎನ್‌ಎ ರಿಪೇರಿಗೆ ಹೊರಟವರೂ ಇದ್ದಾರೆ. ಒಂದೇ ಸ್ವರದಲ್ಲಿ ಬೀಟ್ ಎಲ್ಲಿಂದ ಬರಬೇಕು?)

ಮೆದುಳು ಈ ತಾಳಕ್ಕೆ ಕುಣಿಯುತ್ತದೆಯೇ? ಸೆಕೆಂಡಿಗೆ 40 ಸಲ ಏರಿಳಿಯುವ ನಿಜವಾದ ಸದ್ದಿಗೆ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ) ಅದೇ ಲಯದ ಸ್ಪಷ್ಟ ಗುರುತು ಸಿಗುತ್ತದೆ. ಬೈನಾರಲ್ ಬೀಟಿಗೆ ಸಿಗುವ ಗುರುತು ಅದಕ್ಕಿಂತ ದುರ್ಬಲ. 2023ರಲ್ಲಿ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪರಿಶೀಲನೆಯೊಂದು 14 ಅಧ್ಯಯನಗಳನ್ನು ಜೋಡಿಸಿ ನೋಡಿತು: 5 ಪರವಾಗಿ, 8 ವಿರುದ್ಧವಾಗಿ, 1 ಎರಡೂ ಕಡೆಗೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ ತಗ್ಗಿದ್ದನ್ನು ಕಂಡ ಪ್ರಯೋಗಗಳೂ ಇವೆ, ತಳ್ಳಿಹಾಕುವಂತಿಲ್ಲ. ಆದರೆ ಆಲ್ಫಾ, ಅಂದರೆ ಮೆದುಳಿನ 8–13 ಹರ್ಟ್ಜ್ ಅಲೆಗಳು, ಸುಮ್ಮನೆ ಕಣ್ಣು ಮುಚ್ಚಿದರೂ ಏರುತ್ತವೆ. ಇಯರ್‌ಫೋನ್ ಹಾಕಿಕೊಂಡು ಮಲಗಿದವರು ಕಣ್ಣು ಮುಚ್ಚಿಯೇ ಇರುತ್ತಾರಲ್ಲ!

ಮನೆಯಲ್ಲೇ ಪರೀಕ್ಷಿಸಬಹುದು. ಅದೇ ಪ್ರಾಜೆಕ್ಟನ್ನು ಬೇಕೆಂದೇ ಮೊನೊ ಆಗಿ ಎಕ್ಸ್‌ಪೋರ್ಟ್ ಮಾಡಿ. ಮಿಡಿತ ಅದೇ 10, ಕಿವಿಗಳ ಜಾದು ಮಾತ್ರ ಇಲ್ಲ. ಎರಡು ಫೈಲಿಗೂ ಅ, ಆ ಎಂದು ಹೆಸರಿಡುವ ಕೆಲಸ ಮನೆಯವರದು. ಯಾವುದು ಯಾವುದೆಂದು ಅವರು ಬಾಯಿಬಿಡಬಾರದು, ನೀವೂ ಇಯರ್‌ಫೋನ್ ತೆಗೆದು ಕದ್ದು ನೋಡಬಾರದು. ಒಂದು ರಾತ್ರಿ ಅ, ಮರುರಾತ್ರಿ ಆ, ಮೆಲುಮಾತಿನಷ್ಟೇ ವಾಲ್ಯೂಮ್, ನಿದ್ದೆ ಹತ್ತಿದ ಹೊತ್ತು ಬೆಳಗ್ಗೆ ಬರೆದಿಡಿ. ಎರಡು ವಾರದ ಮೇಲೆ ಗುಟ್ಟು ಕೇಳಿ.