ಡಾಕ್ಟ್ರೇ, ಪೇಶೆಂಟ್ ನೋಡೋದು ಬಿಟ್ರಂತೆ?

ನಾನು ಮಲೆನಾಡಿನ ಒಂದು ಮೆಡಿಕಲ್ ಕಾಲೇಜಿನ ಡೀನ್. ಅದಕ್ಕೂ ಮೊದಲು ಇಪ್ಪತ್ತು ವರ್ಷ ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡಿಕೊಂಡು, ವಾರ್ಡು ಸುತ್ತಿಕೊಂಡು ಇದ್ದೆ. ಡೀನ್ ಆದ ಮೇಲೆ ಗೃಹಪ್ರವೇಶದಲ್ಲಿ ಸಿಕ್ಕರೂ ಪೆಟ್ರೋಲ್ ಬಂಕಿನಲ್ಲಿ ಸಿಕ್ಕರೂ ಜನ ಕೇಳೋದು ಇದನ್ನೇ. ಆ 'ಬಿಟ್ರಂತೆ' ನೋಡಿ. ಬೀಡಿ ಬಿಟ್ಟವರನ್ನೂ ಇಷ್ಟು ಅನುಮಾನದಿಂದ ಯಾರೂ ಕೇಳಲ್ಲ.

ಬಿಟ್ಟಿಲ್ಲ. ಮಂಗಳವಾರ, ಶುಕ್ರವಾರ ಓಪಿಡಿಯಲ್ಲಿ ಕೂರುತ್ತೇನೆ. ಸಾಕಾ?

ಸಾಕಾಗಲ್ಲ ಅಂತ ಗೊತ್ತು. ತೀರ್ಥಹಳ್ಳಿ ಕಡೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು, "ಈಗ ಕೆಲಸ ಕಮ್ಮಿ ಅಲ್ವಾ? ಸೈನ್ ಹಾಕೋದು ಅಷ್ಟೇ" ಅಂದರು. ಅಂದವರೇ ಜೇಬಿನಿಂದ ನಾಲ್ಕು ಮಡಿಕೆಯ ಲ್ಯಾಬ್ ರಿಪೋರ್ಟ್ ತೆಗೆದು ನನ್ನ ಉಪ್ಪಿನಕಾಯಿ ಪಕ್ಕ ಇಟ್ಟರು. ಖಾಲಿ ಹೊಟ್ಟೆಯ ಶುಗರ್ 240. ಮಾತ್ರೆ ತಗೋತಿದೀರಾ ಅಂತ ಕೇಳುವಷ್ಟರಲ್ಲಿ ಹೋಳಿಗೆ ಬಂತು. "ಒಂದೇ ಸಾಕು ಮಾರಾಯ" ಅಂತ ಎರಡು ಹಾಕಿಸಿಕೊಂಡರು. ಮೇಲೆ ತುಪ್ಪ.

ಸೈನ್ ಹಾಕೋದು ನಿಜ. ಹಾಸ್ಟೆಲ್ ಸಾಂಬಾರಿನಲ್ಲಿ ಬೇಳೆ ಇಲ್ಲ ಅನ್ನೋ ಅರ್ಜಿ. ಕೆಟ್ಟ ಲಿಫ್ಟು. ಮೇಷ್ಟ್ರುಗಳ ಹಾಜರಿ. ಅವರಿಗೆ ಶೇಕಡ 75 ಇರಲೇಬೇಕು, 2025ರಿಂದ ಅದನ್ನೂ ಫೋನಿಗೆ ಮುಖ ತೋರಿಸಿ ಕೊಡಬೇಕು. ಮೂವತ್ತು ವರ್ಷ ಸರ್ವೀಸಾದ ಪ್ರೊಫೆಸರು ಬೆಳಿಗ್ಗೆ ಗೇಟಿನ ಹತ್ತಿರ ಸಿಗ್ನಲ್ ಹುಡುಕುತ್ತಾ ಫೋನಿನ ಮುಂದೆ ಕಣ್ಣು ಮಿಟುಕಿಸುತ್ತಾ ನಿಲ್ಲೋದನ್ನ ನೀವು ನೋಡಬೇಕು.

ಇರಲಿ. ನನಗೆ ಬೇರೆ ಒಂದು ಪ್ರಶ್ನೆ ಕೇಳಿ. "ನಿಮ್ಮ ಕಾಲೇಜಲ್ಲಿ ಓದಿದವರ ಕೈಗೆ ನಿಮ್ಮ ಅಮ್ಮನನ್ನ ಕೊಡ್ತೀರಾ?" ಇದನ್ನ ಇದುವರೆಗೆ ಒಬ್ಬರೂ ಕೇಳಿಲ್ಲ. ಸೀಟು ಸಿಗುತ್ತಾ ಅಂತ ಮಾತ್ರ ಕೇಳ್ತಾರೆ.

ಒಂದು ಫೆಬ್ರವರಿಯಲ್ಲಿ ಸಾಗರದ ಕಡೆಯ ಹೆಂಗಸೊಬ್ಬರು ಅಡ್ಮಿಟ್ ಆಗಿದ್ದರು. ಐದು ದಿನದ ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಕಮ್ಮಿ. ಡೆಂಗೆ ನೆಗೆಟಿವ್. ತರಬೇತಿಯಲ್ಲಿದ್ದ ಹೌಸ್ ಸರ್ಜನ್ ಹುಡುಗ ಎಲ್ಲ ನಂಬರನ್ನೂ ಪಟಪಟ ಒಪ್ಪಿಸಿದ. ನಾನು ಮಂಚದ ಅಂಚಿನಲ್ಲಿ ಕೂತೆ.

"ಅಮ್ಮಾ, ತರಗೆಲೆ ತರೋಕೆ ಹೋಗಿದ್ರಾ?"

"ಹೋಗದೆ ಕೊಟ್ಟಿಗೆಗೆ ಏನ್ ಹಾಕ್ಲಿ?"

"ಮಂಗ ಸತ್ತಿದ್ದು ಕಂಡ್ರಾ?"

"ವಾಸ್ನೆ ಬಂತಪ್ಪ. ನೋಡಕ್ಕೆ ಹೋಗ್ಲಿಲ್ಲ."

ಹೊರಗೆ ಬಂದು ಹುಡುಗನನ್ನ ಕೇಳಿದೆ, ಮಂಗನ ಕಾಯಿಲೆ ಗೊತ್ತಾ ಅಂತ. ಒಂದೇ ಉಸಿರಿಗೆ ಹೇಳಿದ: "1957, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು, ಫ್ಲಾವಿವೈರಸ್, ಉಣುಗು ಕಚ್ಚಿದರೆ ಬರುತ್ತೆ ಸರ್." ಪೂರ್ತಿ ಮಾರ್ಕ್ಸ್. ಆದರೆ ಆ ಕ್ಯಾಸನೂರು ಇಲ್ಲೇ ಎರಡು ಗಂಟೆ ದಾರಿ ಅನ್ನೋದು ಅವನ ತಲೆಗೆ ಹೊಳೆದೇ ಇರಲಿಲ್ಲ. ಪರೀಕ್ಷೆಯಲ್ಲಿ ಬರೋ ಊರು ಅದು, ಪೇಶೆಂಟ್ ಬರೋ ಊರಲ್ಲ. ತಪ್ಪು ಅವನದಲ್ಲ. ಆ ಪಾಠ ಮಾಡಿದವನು ನಾನೇ, ಸ್ಲೈಡ್ ಹಾಕಿ.

ರಕ್ತದ ರಿಪೋರ್ಟ್ ಪಾಸಿಟಿವ್ ಬಂತು. ಹೆಂಗಸು ಎರಡು ವಾರಕ್ಕೆ ಹುಷಾರಾಗಿ ಮನೆಗೆ ಹೋದರು. ಆಮೇಲೆ ನಮ್ಮ ಜ್ವರದ ಕೇಸ್ ಶೀಟಿನಲ್ಲಿ ಒಂದು ಸಾಲು ಸೇರಿಸಿದೆವು: 'ಕಾಡಿಗೆ ಹೋಗಿದ್ದರೇ?' ಹೊಸ ಶೀಟು ಪ್ರಿಂಟ್ ಮಾಡಿಸೋಕೆ ಡೀನ್ ಸೈನ್ ಬೇಕಿತ್ತು. ಹಾಕಿದೆ.

ಅಮ್ಮನ ವಿಷಯಕ್ಕೆ ಬರ್ತೀನಿ. ಪ್ರತಿ ಬ್ಯಾಚಿನ ಎಲ್ಲರ ಕೈಗೂ ಕೊಡಲ್ಲ, ಸುಳ್ಳು ಯಾಕೆ. ಕೆಲವರ ಕೈಗೆ ಕಣ್ಮುಚ್ಚಿ ಕೊಡ್ತೀನಿ. ಹೋದ ತಿಂಗಳು ಮೊಣಕಾಲು ನೋವು ಅಂತ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅಮ್ಮನೇ ಹೋಗಿದ್ದರು. ಅಲ್ಲಿದ್ದದ್ದು ನಮ್ಮ ಹಳೇ ವಿದ್ಯಾರ್ಥಿನಿ. ರಾತ್ರಿ ಅಮ್ಮನ ಫೋನು.

"ಒಳ್ಳೇ ಹುಡುಗಿ ಕಣೋ. ನಿನ್ನ ಥರ ಅಲ್ಲ, ಕೂತ್ಕೊಂಡು ಮಾತಾಡ್ತಾಳೆ. ಅದ್ಸರಿ, ನೀನು ಪೇಶೆಂಟ್ ನೋಡೋದು ಬಿಟ್ಯಂತೆ?"